ಬಲಿ, ಪ್ರಸಾದ, ಆಮೆನ್: ಕೆಥೊಲಿಕ ಪೂಜೆಯಲ್ಲಿ ವಿಶ್ವಾಸದ ಸ್ಥಾನ

ಕಲಬುರಗಿ ನಗರದ ಮೊಹಲ್ಲೆಗಳಲ್ಲಿ ಒಂದಕ್ಕೆ ಮೋಮಿನಪುರವೆಂದು ಹೆಸರು. ಮೋಮಿನರೆಂಬ ಹೆಸರು ದಖ್ಖನಿನಲ್ಲಿಯೂ ಉತ್ತರ ಹಿಂದುಸ್ಥಾನದಲ್ಲಿಯೂ ನೇಯ್ಗೆಯ ಕಸಬಿನ ಮುಸಲ್ಮಾನರಿಗೆ ರೂಢವಾಗಿದೆಯಾದರೂ ಶಬ್ದದ ಮೂಲಾರ್ಥವು ಕಸಬಿಗೆ ಸಂಬಂಧಪಟ್ಟುದಲ್ಲ. ಅರಬ್ಬಿಯಲ್ಲಿ ‘ಮೂಮಿನ್’ ಎಂದರೆ ಈಮಾನುಳ್ಳವನು, ವಿಶ್ವಾಸಿ. ಸ್ಥಿರತೆ, ಭದ್ರತೆ, ನೆಚ್ಚಿಕೆ ಎಂಬ ಅರ್ಥಗಳನ್ನು ಕೊಡುವ ಮೂರು ವ್ಯಂಜನಗಳ ಧಾತುವೊಂದರಿಂದ ಈ ಶಬ್ದವು ಹುಟ್ಟಿದೆ. ನಂಬಿ ಒಪ್ಪಿಸಿದ ಒಡವೆಯು ‘ಅಮಾನತು’. ನೆಚ್ಚಿಕೆಗೆ ಅರ್ಹನಾದ ಅಧಿಕಾರಿಯು ‘ಅಮೀನ’. ಇವೆರಡೂ ಕಚೇರಿಯ ವ್ಯವಹಾರದ ಮೂಲಕ ಕನ್ನಡಕ್ಕೆ ಬಂದು ಇಲ್ಲಿಯೇ ನೆಲಸಿದ ಮಾತುಗಳು. ಅರಬ್ಬಿಗೆ ಸೋದರಭಾಷೆಯಾದ ಹೀಬ್ರೂವಿನಲ್ಲಿ ಅದೇ ಧಾತುವಿನಿಂದ ‘ಎಮೂನಾ’ ಎಂಬ ವಿಶ್ವಾಸವಾಚಕವೂ ‘ಆಮೆನ್’ ಎಂಬ ಸಮ್ಮತಿವಾಚಕವೂ ಆದುವು. ಮಸೀದಿಯಲ್ಲಿ ಫಾತಿಹಾ ಅಧ್ಯಾಯದ ಪಠನವು ಮುಗಿದ ಮೇಲೆ ನಮಾಜಿನವರು ಹೇಳುವ ‘ಆಮೀನ್’ ಎಂಬುದೂ ಇದೇ ಮಾತು.

ಇದೇ ನಗರದಲ್ಲಿ ಕೆಥೊಲಿಕ ಧರ್ಮಾಧ್ಯಕ್ಷರ ಪೀಠವೂ ಇದೆ. ೨೦೦೫ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಧರ್ಮಕ್ಷೇತ್ರಕ್ಕೆ ರಾಬರ್ಟ್ ಮೈಕೇಲ್ ಮಿರಾಂದಾ ಅವರು ಮೊದಲ ಧರ್ಮಾಧ್ಯಕ್ಷರಾದರು. ಕಲಬುರಗಿ, ಬೀದರ, ವಿಜಯಪುರ ಸೀಮೆಗಳು, ಎಂದರೆ ಬಹಮನಿ ಮತ್ತು ಆದಿಲಶಾಹಿ ರಾಜಧಾನಿಗಳೂ ಬಸವಣ್ಣನವರ ಕಲ್ಯಾಣವೂ, ಈ ಧರ್ಮಕ್ಷೇತ್ರದ ಎಲ್ಲೆಯೊಳಗೆ ಸೇರಿವೆ. ಇಲ್ಲಿಯ ಕೆಥೊಲಿಕ ದೇವಾಲಯಗಳಲ್ಲಿ ಪೂಜೆಯ ವೇಳೆ ಗುರುವು ಪರಮಪ್ರಸಾದವನ್ನು ಎತ್ತಿ ತೋರಿ, ಇದು ಕ್ರಿಸ್ತನ ಶರೀರವೆಂದು ನುಡಿದಾಗ, ಅದನ್ನು ಕೊಳ್ಳುವವನು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಾನೆ. ಆ ಮಾತು ‘ಆಮೆನ್’. ಪೂಜೆಯ ಮಿಕ್ಕ ಭಾಗವು ಬಹುಮಟ್ಟಿಗೆ ಕನ್ನಡಕ್ಕೆ ಬಂದಿರುವಾಗಲೂ ಈ ಮಾತು ಅನುವಾದಗೊಳ್ಳದೆ ಉಳಿದಿದೆ. ಉಳಿದುದಕ್ಕೆ ಕಾರಣವೇನು, ಅನುವಾದಗೊಂಡ ಮಾತುಗಳು ಯಾವ ಭಾರವನ್ನು ಹೊರುತ್ತಿವೆ, ಅವುಗಳ ನಡುವೆ ವಿಶ್ವಾಸಕ್ಕೆ ಸ್ಥಾನವೆಲ್ಲಿ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧. ಆಚರಣೆಯೂ ಅದರ ಹೆಸರುಗಳೂ

ಯೇಸುಕ್ರಿಸ್ತನು ಮರಣಕ್ಕೆ ಮುನ್ನಿನ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತು, ರೊಟ್ಟಿಯನ್ನು ಮುರಿದು, ಅದನ್ನು ತನ್ನ ಶರೀರವೆಂದೂ, ದ್ರಾಕ್ಷಾರಸದ ಪಾತ್ರೆಯನ್ನು ತನ್ನ ರಕ್ತದ ಒಡಂಬಡಿಕೆಯೆಂದೂ ಹೇಳಿ ಕೊಟ್ಟು, ತನ್ನ ನೆನಪಿಗಾಗಿ ಹೀಗೆ ಮಾಡಿರೆಂದು ವಿಧಿಸಿದನೆಂಬುದು ಈ ಆಚರಣೆಯ ಮೂಲ. ಇದನ್ನು ಬರೆದಿಟ್ಟವರಲ್ಲಿ ಮೊದಲಿಗನು ಪೌಲನು. ಅವನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವು ಕ್ರಿ.ಶ. ಒಂದನೆಯ ಶತಮಾನದ ನಡುವಣ ಕಾಲದ್ದು. ಎರಡನೆಯ ಶತಮಾನದ ಮಧ್ಯದಲ್ಲಿ ರೋಮಿನಲ್ಲಿದ್ದ ಜಸ್ಟಿನನು ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಪೂಜೆಯನ್ನು ವರ್ಣಿಸಿದ್ದಾನೆ. ಗ್ರಂಥಪಠನ, ಉಪದೇಶ, ಪ್ರಾರ್ಥನೆ, ರೊಟ್ಟಿಯನ್ನೂ ನೀರು ಬೆರಸಿದ ದ್ರಾಕ್ಷಾರಸವನ್ನೂ ತರುವುದು, ಅಧ್ಯಕ್ಷನ ಕೃತಜ್ಞತಾಸ್ತುತಿ, ಜನರೆಲ್ಲರೂ ಆಮೆನ್ ಎನ್ನುವುದು, ಹಂಚುವಿಕೆ ಎಂಬ ಕ್ರಮವು ಅಲ್ಲಿ ಸ್ಪಷ್ಟವಾಗಿದೆ. ಆಮೆನ್ ಎಂಬುದು ಹೀಬ್ರೂ ಮಾತೆಂದೂ, ಹಾಗೆಯೇ ಆಗಲಿ ಎಂದು ಅದರ ಅರ್ಥವೆಂದೂ ಅವನು ಗ್ರೀಕ್ ಓದುಗರಿಗೆ ವಿವರಿಸಿದ್ದಾನೆ. ಆ ಮಾತು ಅಂದೇ ಅನುವಾದಗೊಳ್ಳದೆ ನಿಂತಿತ್ತೆಂಬುದು ಇದರಿಂದ ತಿಳಿಯುತ್ತದೆ.

ಗ್ರೀಕರು ಈ ಆಚರಣೆಯನ್ನು ‘ಎವುಖರಿಸ್ತಿಯ’ ಎಂದು ಕರೆದರು. ಕೃತಜ್ಞತಾಸ್ತುತಿಯೆಂಬುದು ಅದರ ಅರ್ಥ. ಲ್ಯಾಟಿನಿನಲ್ಲಿ ಪೂಜೆಯ ಕೊನೆಯಲ್ಲಿ ಜನರನ್ನು ಬೀಳ್ಕೊಡುವ ಮಾತಿನಿಂದ ‘ಮಿಸ್ಸ’ ಎಂಬ ಹೆಸರಾಯಿತು. ಮಂಗಳೂರಿನ ಕೊಂಕಣಿ ಕೆಥೊಲಿಕರ ‘ಮೀಸ್’ ಇದರದೇ ರೂಪ. ಪ್ರಾಟೆಸ್ಟಂಟ್ ಪಂಥಗಳ ಕನ್ನಡದಲ್ಲಿ ‘ಕರ್ತನ ಭೋಜನ’ವೆಂಬ ಹೆಸರು ಬಳಕೆಯಲ್ಲಿದೆ. ಕನ್ನಡ ಕೆಥೊಲಿಕರಾದರೋ ಆಚರಣೆಯನ್ನು ‘ಬಲಿಪೂಜೆ’ಯೆಂದೂ ಅದರಲ್ಲಿ ದೊರೆಯುವುದನ್ನು ‘ಪರಮಪ್ರಸಾದ’ವೆಂದೂ ಕರೆಯುತ್ತಾರೆ. ಭೋಜನವೆಂಬ ಹೆಸರು ಕಾರ್ಯದ ಹೊರರೂಪವನ್ನು ಸೂಚಿಸುತ್ತದೆ. ಬಲಿ, ಪ್ರಸಾದ ಎಂಬಿವು ಅದರ ತತ್ತ್ವವನ್ನು ಹೇಳಲು ಹೊರಟಿವೆ. ಈ ಎರಡು ಮಾತುಗಳಿಗೂ ಕನ್ನಡದಲ್ಲಿ ಕ್ರೈಸ್ತರು ಬರುವುದಕ್ಕೆ ಬಹು ಮುಂಚಿನ ಚರಿತ್ರೆಯುಂಟು.

ಕೆಥೊಲಿಕ ಧರ್ಮವು ಈ ಸೀಮೆಗೆ ಹೊಸದಾಗಿ ಬಂದುದೂ ಅಲ್ಲ. ೧೬೩೭ರಲ್ಲಿ ರೋಮಿನ ಪೀಠವು ಆದಿಲಶಾಹಿ ರಾಜ್ಯಕ್ಕಾಗಿ ಬಿಜಾಪುರದ ಹೆಸರಿನಲ್ಲಿ ಪ್ರತ್ಯೇಕವಾದ ಧರ್ಮಾಧಿಕಾರವನ್ನು ನಿಯಮಿಸಿ, ಗೋವೆಯ ದೀವಾಡಿ ದ್ವೀಪದ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಮಾತೇವುಸ್ ದೆ ಕಾಸ್ತ್ರೊ ಎಂಬವರನ್ನು ಅದಕ್ಕೆ ನೇಮಿಸಿತು. ರಾಯಚೂರು ಜಿಲ್ಲೆಯ ಮುದಗಲ್ಲಿನ ಕೆಥೊಲಿಕ ಸಮುದಾಯವೂ ಆದಿಲಶಾಹಿ ಕಾಲದಷ್ಟು ಹಳೆಯದು; ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ೧೮೭೮ರಲ್ಲಿ ಪ್ರಕಟವಾದ ತನ್ನ ಚಾಂದಬೀಬಿಯ ಕಾದಂಬರಿಯಲ್ಲಿ ಆ ಊರಿನ ಕ್ರೈಸ್ತರನ್ನು ಪಾತ್ರಗಳನ್ನಾಗಿ ತಂದಿದ್ದಾನೆ. ದಕ್ಷಿಣದಲ್ಲಿ, ಹದಿನೇಳನೆಯ ಶತಮಾನದ ಮಧ್ಯದಲ್ಲಿ, ಇಟಲಿಯ ಜೆಸುಇಟ್ ಪಾದ್ರಿ ಲೆಯೊನಾರ್ದೊ ಚಿನ್ನಾಮಿಯು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಆ ಭಾಷೆಯಲ್ಲಿಯೇ ಧರ್ಮೋಪದೇಶದ ಗ್ರಂಥವನ್ನು ರಚಿಸಿದನು. ಆದರೆ ಉಪದೇಶವೂ ಪ್ರಾರ್ಥನೆಯೂ ದೇಶಭಾಷೆಯಲ್ಲಿ ನಡೆದರೂ ಬಲಿಪೂಜೆಯು ಮೂರು ಶತಮಾನಗಳಿಗೂ ಮಿಕ್ಕಿ ಲ್ಯಾಟಿನಿನಲ್ಲಿಯೇ ಉಳಿಯಿತು. ಆದುದರಿಂದ ಕನ್ನಡದ ಹೆಸರುಗಳು ಪೂಜೆಯ ಒಳಗಿನ ಮಾತಾಗುವುದಕ್ಕೆ ಮೊದಲು ಬಹುಕಾಲ ಪೂಜೆಯನ್ನು ಕುರಿತ ಮಾತಾಗಿದ್ದುವು.

೨. ಬಲಿ

ಸಂಸ್ಕೃತದಲ್ಲಿ ಬಲಿಯೆಂದರೆ ಮೊದಲು ಕಾಣಿಕೆ, ಕಪ್ಪ, ಅರ್ಪಣೆ. ಗೃಹಸ್ಥನು ಭೂತಗಳಿಗೆಂದು ಇಡುವ ಅನ್ನದ ತುತ್ತೂ ಬಲಿಯೇ. ಕಾಲಕ್ರಮದಲ್ಲಿ ಕನ್ನಡದ ಬಳಕೆಯಲ್ಲಿ ಈ ಶಬ್ದಕ್ಕೆ ಕೊಲೆಯ ಅರ್ಥವು ಅಂಟಿಕೊಂಡಿತು. ಮಾರಿಯ ಮುಂದಿನ ಕೋಣ, ಕುರಿ, ಕೋಳಿಗಳನ್ನು ಬಿಟ್ಟು ಆ ಮಾತನ್ನು ಕೇಳುವುದು ಸಾಮಾನ್ಯರಿಗೆ ಕಷ್ಟ. ಕನ್ನಡ ಸಾಹಿತ್ಯದ ಎರಡು ದೊಡ್ಡ ಪರಂಪರೆಗಳಾದ ಜೈನ ಮತ್ತು ಶರಣ ಪರಂಪರೆಗಳು ಇಂಥ ಬಲಿಯನ್ನು ಖಂಡಿಸಿದುವೆಂಬುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದ ವಿಷಯ. ಇಂಥ ಭಾಷೆಯಲ್ಲಿ ಒಂದು ಧರ್ಮವು ತನ್ನ ಪರಮೋಚ್ಚ ಆಚರಣೆಗೆ ಬಲಿಪೂಜೆಯೆಂದು ಹೆಸರಿಟ್ಟುದು ಸಾಹಸದ ಕೆಲಸವೇ ಸರಿ.

ಜನ್ನನ ಯಶೋಧರಚರಿತೆಯನ್ನು ಇಲ್ಲಿ ನೆನೆಯುವುದು ಉಚಿತ. ಕ್ರಿ.ಶ. ೧೨೦೯ರಲ್ಲಿ ಪೂರ್ಣವಾದ ಆ ಕಾವ್ಯದಲ್ಲಿ ತಾಯಿಯಾದ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಕೊಂದುದು ಹಿಟ್ಟನ್ನಾದರೂ ಸಂಕಲ್ಪದಲ್ಲಿ ಹಿಂಸೆಯಿದ್ದುದರಿಂದ ಅದು ಕೊಲೆಯೇ ಆಗಿ, ತಾಯಿಮಗನಿಬ್ಬರನ್ನೂ ಜನ್ಮಜನ್ಮಾಂತರಗಳಲ್ಲಿ ತೊಳಲಿಸುತ್ತದೆ. ಹಿಟ್ಟಿನಲ್ಲಿ ಇಲ್ಲದ ಪ್ರಾಣಿಯನ್ನು ಕರ್ತೃವಿನ ಭಾವವೇ ಅಲ್ಲಿ ತಂದಿರಿಸಿತೆಂಬುದು ಆ ಕಥೆಯ ತಿರುಳು. ಹೊರಗೆ ನಿಂತು ನೋಡುವವನಿಗೆ ಕೆಥೊಲಿಕ ಪೂಜೆಯೂ ಹಿಟ್ಟಿನ ಬಲಿಯಂತೆಯೇ ತೋರಬಹುದು. ಪೀಠದ ಮೇಲಿರುವುದು ಗೋಧಿಹಿಟ್ಟಿನ ತೆಳ್ಳನೆಯ ಬಿಲ್ಲೆಯೂ ದ್ರಾಕ್ಷಾರಸವೂ ಅಷ್ಟೆ. ಆದರೆ ಎರಡಕ್ಕೂ ಇರುವ ಅಂತರವು ಮೂಲಭೂತವಾದುದು.

೧೫೬೨ನೆಯ ಸೆಪ್ಟೆಂಬರ್ ೧೭ರಂದು ಟ್ರೆಂಟ್ ಮಹಾಸಭೆಯು ಹೊರಡಿಸಿದ ನಿರ್ಣಯದಂತೆ, ಶಿಲುಬೆಯ ಮೇಲೆ ತನ್ನನ್ನು ಅರ್ಪಿಸಿಕೊಂಡವನೇ ಇಲ್ಲಿಯೂ ಅರ್ಪಿಸುವವನು, ಅರ್ಪಿತನಾಗುವವನೂ ಅವನೇ. ಅರ್ಪಣೆಯ ರೀತಿ ಮಾತ್ರ ಬೇರೆ, ಇಲ್ಲಿ ರಕ್ತಪಾತವಿಲ್ಲ. ಹೊಸ ಒಡಂಬಡಿಕೆಯ ಹೀಬ್ರಿಯರ ಪತ್ರವು ಆ ಅರ್ಪಣೆ ಒಂದೇ ಸಲ ನಡೆದುದು, ಮರಳಿ ನಡೆಯತಕ್ಕದ್ದಲ್ಲ ಎಂದು ಸಾರುತ್ತದೆ. ಹಾಗಾದರೆ ದಿನದಿನವೂ ನಡೆಯುವ ಪೂಜೆ ಎಂಥದು? ಹೊಸದೊಂದು ಕೊಲೆಯೂ ಅಲ್ಲ, ಹಳೆಯದರ ಅಭಿನಯವೂ ಅಲ್ಲ. ಒಮ್ಮೆ ನಡೆದುದು ಈ ಸಭೆಯ ಮುಂದೆ ಪ್ರತ್ಯಕ್ಷವಾಗುವುದು ಎಂಬುದೇ ಕೆಥೊಲಿಕ ಉತ್ತರ. ಜನ್ನನ ಕಥೆಯಲ್ಲಿ ಸಂಕಲ್ಪವು ಹಿಟ್ಟನ್ನು ಬಲಿಯಾಗಿಸಿತು. ಇಲ್ಲಿ ಬಲಿಯು ಯಾವ ಭಕ್ತನ ಸಂಕಲ್ಪಕ್ಕೂ ಮೊದಲೇ ನಡೆದುಹೋಗಿದೆ. ಭಕ್ತನು ಅದರ ಮುಂದೆ ತಂದು ನಿಲ್ಲಿಸಲ್ಪಡುತ್ತಾನೆ.

ಈ ವಿವರಣೆಯಿಂದ ಬಲಿಯೆಂಬ ಮಾತಿನ ಹಳೆಯ ಅರ್ಥವೇ ಹೊಸದಾಗಿ ಬೆಳಕಿಗೆ ಬರುತ್ತದೆ. ಕಾಣಿಕೆಯೆಂಬ ಮೊದಲ ಅರ್ಥಕ್ಕೆ ಶಬ್ದವು ಹಿಂದಿರುಗುತ್ತದೆ. ಕೊಲೆಯೆಂಬ ಅರ್ಥವಾದರೋ ಇತಿಹಾಸದ ಒಂದು ಶುಕ್ರವಾರಕ್ಕೆ ಸೇರಿಹೋಗುತ್ತದೆ. ಹಾಗೆಂದು ಅಪಾಯವು ತೀರಿತೆನ್ನಲಾಗದು. ಬಲಿಯೆಂಬುದೊಂದೇ ಹೆಸರಾಗಿದ್ದಲ್ಲಿ ದೇವರು ಕೊಲೆಯಿಂದ ತೃಪ್ತನಾಗುವನೆಂಬ ಭಾವನೆಗೆ ಎಡೆಯಾಗುತ್ತಿತ್ತು. ಅದನ್ನು ತಡೆಯುವುದು ಜೊತೆಗಿರುವ ಎರಡನೆಯ ಹೆಸರು.

೩. ಪ್ರಸಾದ

ಪ್ರಸಾದವೆಂದರೆ ಮೊದಲಿಗೆ ತಿಳಿ, ಪ್ರಸನ್ನತೆ. ಕದಡಿದ ನೀರು ತಿಳಿಯಾಗುವುದು, ಒಡೆಯನ ಮುಖವು ಪ್ರಸನ್ನವಾಗುವುದು, ಆ ಪ್ರಸನ್ನತೆಯಿಂದ ಅನುಗ್ರಹವುಂಟಾಗುವುದು, ಅನುಗ್ರಹದ ಗುರುತಾಗಿ ವಸ್ತುವೊಂದು ಕೈಗೆ ಬರುವುದು ಎಂದು ಅರ್ಥವು ಮೆಟ್ಟಿಲುಮೆಟ್ಟಿಲಾಗಿ ಇಳಿದುಬಂದಿದೆ. ಗ್ರೀಕಿನ ‘ಎವುಖರಿಸ್ತಿಯ’ ಎಂಬ ಹೆಸರಿನ ಒಡಲಲ್ಲಿ ‘ಖಾರಿಸ್’ ಎಂಬ ಶಬ್ದವಿರುವುದನ್ನು ಗಮನಿಸಬೇಕು. ಖಾರಿಸ್ ಎಂದರೆ ಸೊಬಗು, ಅನುಗ್ರಹ, ಅನುಗ್ರಹಕ್ಕೆ ಸಲ್ಲುವ ಕೃತಜ್ಞತೆ. ಕೆಥೊಲಿಕ ಕನ್ನಡದಲ್ಲಿ ದೇವರ ಅನುಗ್ರಹಕ್ಕೆ ‘ವರಪ್ರಸಾದ’ವೆಂದೂ ಪೂಜೆಯಲ್ಲಿ ದೊರೆಯುವುದಕ್ಕೆ ‘ಪರಮಪ್ರಸಾದ’ವೆಂದೂ ಹೆಸರಿರುವುದರಿಂದ, ಅನುಗ್ರಹಕ್ಕೂ ಅನುಗ್ರಹದ ವಸ್ತುವಿಗೂ ಇರುವ ಸಂಬಂಧವು ಕನ್ನಡದ ಕಿವಿಗೆ ಒಡನೆಯೇ ತಿಳಿಯುತ್ತದೆ. ಈ ಲಾಭವು ಐರೋಪ್ಯ ಭಾಷೆಗಳಲ್ಲಿ ಅನೇಕಕ್ಕೆ ದೊರೆತಿಲ್ಲ.

ಆದರೆ ಕಲಬುರಗಿಯ ನೆಲದಲ್ಲಿ ಈ ಮಾತನ್ನಾಡುವವನು ಇನ್ನೊಂದು ಪರಂಪರೆಯ ಮನೆಯಂಗಳದಲ್ಲಿ ನಿಂತು ಆಡುತ್ತಾನೆ. ವೀರಶೈವದ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಗುರುವಿನಿಂದ ಶುದ್ಧಪ್ರಸಾದ, ಲಿಂಗದಿಂದ ಸಿದ್ಧಪ್ರಸಾದ, ಜಂಗಮದಿಂದ ಪ್ರಸಿದ್ಧಪ್ರಸಾದ ಎಂದು ಅದಕ್ಕೆ ತ್ರಿವಿಧವನ್ನು ಹೇಳಿದ್ದಾರೆ. ಅರ್ಪಿಸದುದನ್ನು ಕೊಳ್ಳಲಾಗದು, ಪದಾರ್ಥವು ಅರ್ಪಿತವಾದ ಬಳಿಕ ಪದಾರ್ಥವಾಗಿ ಉಳಿಯದೆ ಪ್ರಸಾದವಾಗುವುದೆಂಬುದು ಶರಣರ ನಿಶ್ಚಯ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಹೇಳಿರುವ ಭಕ್ತಿಯು ಅವಧಾನಭಕ್ತಿ, ಎಂದರೆ ಎಚ್ಚರದ ಭಕ್ತಿ. ಮೊದಲ ಸ್ಥಲದ ಶ್ರದ್ಧೆಯೂ ಎರಡನೆಯದರ ನಿಷ್ಠೆಯೂ ನೆಲೆಗೊಂಡ ಮೇಲಲ್ಲದೆ ಪ್ರಸಾದವನ್ನು ಕೊಳ್ಳುವ ಎಚ್ಚರವು ಬಾರದೆಂಬ ಸೂಚನೆಯು ಈ ಕ್ರಮದಲ್ಲಿಯೇ ಇದೆ. ಕಲಬುರಗಿಯಲ್ಲಿ ೧೮೨೨ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಹೆಸರು ದಾಸೋಹದೊಡನೆ ಬೆರೆತಿರುವುದರಿಂದ, ಪ್ರಸಾದವು ಪಂಕ್ತಿಯ ಊಟವೂ ಆಗಿ, ಹಸಿದವನ ಹಕ್ಕೂ ಆಗಿ ಜನಮನದಲ್ಲಿ ನಿಂತಿದೆ.

ಕೆಥೊಲಿಕ ಆಚರಣೆಯಲ್ಲಿಯೂ ಈ ಎಚ್ಚರಕ್ಕೆ ಸಮಾನವಾದ ಶಿಸ್ತುಂಟು. ಅಯೋಗ್ಯವಾಗಿ ಉಣ್ಣುವವನು ತನಗೇ ದಂಡನೆಯನ್ನು ತಂದುಕೊಳ್ಳುವನೆಂದೂ, ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲೆಂದೂ ಪೌಲನು ಬರೆದನು. ಗುರುತರವಾದ ಪಾಪವನ್ನು ಮಾಡಿದವನು ಪಾಪನಿವೇದನೆಯಾಗದೆ ಪ್ರಸಾದಕ್ಕೆ ಹೋಗತಕ್ಕದ್ದಲ್ಲ. ಹಿಂದೆ ನಡುರಾತ್ರಿಯಿಂದಲೇ ಉಪವಾಸವಿರಬೇಕಾಗಿತ್ತು. ಅದು ೧೯೫೭ರಲ್ಲಿ ಮೂರು ಗಂಟೆಗಳಿಗೂ ೧೯೬೪ರಲ್ಲಿ ಒಂದು ಗಂಟೆಗೂ ಇಳಿಯಿತು. ೧೯೧೦ರಲ್ಲಿ ಹತ್ತನೆಯ ಪಿಯುಸ್ ಪೋಪರ ಆಳಿಕೆಯಲ್ಲಿ ಹೊರಟ ಆಜ್ಞೆಯು ಸುಮಾರು ಏಳು ವರ್ಷದ ಮಕ್ಕಳಿಗೂ ಪ್ರಸಾದವನ್ನು ಕೊಡಬಹುದೆಂದು ವಿಧಿಸಿದಾಗ, ಆ ಮಗುವಿನಿಂದ ನಿರೀಕ್ಷಿಸಿದ ತಿಳಿವು ಬಹು ಸರಳವಾಗಿತ್ತು: ಇದು ಮನೆಯ ರೊಟ್ಟಿಯಲ್ಲ ಎಂಬ ಭೇದಜ್ಞಾನ. ಪಂಡಿತನಿಂದ ಬೇಡುವುದೂ ಕಡೆಗೆ ಇದನ್ನೇ.

ಇಷ್ಟು ಹೋಲಿಕೆಗಳಿದ್ದರೂ ಒಂದು ವ್ಯತ್ಯಾಸವನ್ನು ಮರೆಸಲಾಗದು. ನೈವೇದ್ಯದ ಕ್ರಮದಲ್ಲಿ ಭಕ್ತನು ತನ್ನದನ್ನು ದೇವರಿಗೆ ಕೊಡುತ್ತಾನೆ. ದೇವರು ಒಪ್ಪಿಕೊಂಡುದು ಪ್ರಸಾದವಾಗಿ ಹಿಂದಿರುಗುತ್ತದೆ. ಕೊಡುವವನು, ಕೊಟ್ಟ ವಸ್ತು, ಒಪ್ಪಿಕೊಳ್ಳುವವನು ಎಂಬ ಮೂವರು ಅಲ್ಲಿ ಬೇರೆಬೇರೆ. ಪರಮಪ್ರಸಾದದಲ್ಲಿ ಕೊಡುವವನೇ ಕೊಟ್ಟ ವಸ್ತುವಾಗಿದ್ದಾನೆ. ದೇವರು ಮುಟ್ಟಿದ ಅನ್ನವೆಂದು ಮಾತ್ರ ಅದನ್ನು ಭಾವಿಸಿದರೆ ಕೆಥೊಲಿಕ ವಿಶ್ವಾಸವು ಅಲ್ಲಿಗೆ ಮುಗಿಯುತ್ತದೆ. ಪ್ರಸಾದವೆಂಬ ಮಾತಿನ ಮಾಧುರ್ಯವೇ ಅದರ ಅಪಾಯವೂ ಆಗಿದೆ. ಅದು ಪರಿಚಿತವಾಗಿರುವುದರಿಂದ ಕೇಳುವವನು ತನಗೆ ಮೊದಲೇ ತಿಳಿಯಿತೆಂದುಕೊಳ್ಳುತ್ತಾನೆ. ಅದನ್ನು ತಿದ್ದುವುದು ಬಲಿಯೆಂಬ ಮಾತು: ಈ ಪ್ರಸಾದವು ತನ್ನನ್ನೇ ಇತ್ತವನ ಶರೀರ. ಹೀಗೆ ಬಲಿಯ ಕ್ರೌರ್ಯವನ್ನು ಪ್ರಸಾದವೂ, ಪ್ರಸಾದದ ಸುಲಭತೆಯನ್ನು ಬಲಿಯೂ ತಿದ್ದುತ್ತವೆ. ಎರಡರಲ್ಲಿ ಒಂದನ್ನು ಬಿಟ್ಟರೂ ಅರ್ಥವು ಅರ್ಧವಾಗುತ್ತದೆ.

೪. ದ್ರವ್ಯವೂ ಗುಣವೂ

ರೊಟ್ಟಿಯು ಶರೀರವಾಗುವುದೆಂದರೆ ಏನು? ೧೨೧೫ರ ಲಾತೆರಾನ್ ಮಹಾಸಭೆಯು ಇದಕ್ಕೆ ದ್ರವ್ಯಾಂತರವನ್ನು ಸೂಚಿಸುವ ಪದವನ್ನು ಬಳಸಿತು. ೧೫೫೧ರಲ್ಲಿ ಟ್ರೆಂಟ್ ಸಭೆಯು ಆ ಪದವು ಅತ್ಯಂತ ಯೋಗ್ಯವೆಂದು ನಿರ್ಣಯಿಸಿತು. ಇವೆರಡರ ನಡುವೆ ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸನು ಅರಿಸ್ಟಾಟಲನ ಪರಿಭಾಷೆಯಲ್ಲಿ ಇದನ್ನು ವಿಸ್ತರಿಸಿದನು. ಭಾರತೀಯ ದರ್ಶನಗಳ ಮಾತಿನಲ್ಲಿ ಇದನ್ನು ಹೀಗೆ ಹೇಳಬಹುದು. ವೈಶೇಷಿಕರ ಮತದಲ್ಲಿ ಗುಣವು ದ್ರವ್ಯವನ್ನು ಸಮವಾಯಸಂಬಂಧದಿಂದ ಆಶ್ರಯಿಸಿರುತ್ತದೆ; ಆಶ್ರಯವಿಲ್ಲದ ಗುಣವೆಂಬುದಿಲ್ಲ. ಅಕ್ವಿನಾಸನೂ ಸಾಮಾನ್ಯವಾಗಿ ಇದನ್ನು ಒಪ್ಪುತ್ತಾನೆ. ಆದರೆ ಪೂಜೆಯಲ್ಲಿ ರೊಟ್ಟಿಯ ಬಣ್ಣ, ರುಚಿ, ಪರಿಮಾಣಗಳು ಇದ್ದಂತೆಯೇ ಇದ್ದು, ರೊಟ್ಟಿಯೆಂಬ ದ್ರವ್ಯವು ಕ್ರಿಸ್ತನ ಶರೀರವಾಗುವುದೆಂದೂ, ನಿಂತ ಗುಣಗಳನ್ನು ದೇವರ ಶಕ್ತಿಯೇ ಧರಿಸುವುದೆಂದೂ ಅವನು ಹೇಳುತ್ತಾನೆ.

ಹಾಲು ಮೊಸರಾಗುವುದು ಪರಿಣಾಮಕ್ಕೆ ದೃಷ್ಟಾಂತ. ಅಲ್ಲಿ ರುಚಿ, ರೂಪ ಎರಡೂ ಮಾರ್ಪಡುತ್ತವೆ. ಹಗ್ಗವು ಹಾವಾಗಿ ತೋರುವುದು ವಿವರ್ತಕ್ಕೆ ದೃಷ್ಟಾಂತ. ಅಲ್ಲಿ ವಸ್ತುವು ಮಾರ್ಪಡದೆ ತೋರಿಕೆಯು ಸುಳ್ಳಾಗುತ್ತದೆ. ಕೆಥೊಲಿಕ ಸಿದ್ಧಾಂತವು ಈ ಎರಡಕ್ಕೂ ಸೇರದು. ಇಲ್ಲಿ ತೋರಿಕೆಯು ಮಾರ್ಪಡುವುದಿಲ್ಲ, ಸುಳ್ಳೂ ಆಗುವುದಿಲ್ಲ. ಮಾರ್ಪಡುವುದು ತೋರಿಕೆಗೆ ಸಿಗದ ಸತ್ತ್ವ. ಕಣ್ಣು, ಮೂಗು, ನಾಲಗೆಗಳು ತಮ್ಮತಮ್ಮ ವಿಷಯದಲ್ಲಿ ಸತ್ಯವನ್ನೇ ಹೇಳುತ್ತವೆ. ದ್ರವ್ಯದ ವಿಷಯದಲ್ಲಿ ಪ್ರಮಾಣವಾಗತಕ್ಕುದು ಕಿವಿಯೊಂದೇ, ಎಂದರೆ ಕ್ರಿಸ್ತನ ವಚನವನ್ನು ಕೇಳಿದ ವಿಶ್ವಾಸ. ಪ್ರತ್ಯಕ್ಷ ಅನುಮಾನಗಳು ನಿಲ್ಲುವ ಕಡೆಯಲ್ಲಿ ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುವ ಭಾರತೀಯ ತಾರ್ಕಿಕರಿಗೆ ಈ ನಡೆಯು ಅಪರಿಚಿತವಾಗಿರಲಾರದು. ವಾದವೇನಿದ್ದರೂ ಈ ವಚನವನ್ನಾಡಿದವನು ಆಪ್ತನೇ ಎಂಬುದರ ಮೇಲೆ ನಿಲ್ಲುತ್ತದೆ. ಆರನೆಯ ಪೌಲ್ ಪೋಪರು ೧೯೬೫ರಲ್ಲಿ ಈ ವಿಷಯವಾಗಿ ಹೊರಡಿಸಿದ ಪರಿಪತ್ರಕ್ಕೆ ‘ವಿಶ್ವಾಸದ ರಹಸ್ಯ’ವೆಂಬ ಅರ್ಥದ ಲ್ಯಾಟಿನ್ ಹೆಸರಿದ್ದುದು ಈ ಕಾರಣದಿಂದಲೇ.

ದ್ರವ್ಯದ ಮಾತು ಬಂದಾಗ ನೆಲದ ಬೆಳೆಯ ಮಾತೂ ಬರುತ್ತದೆ. ೧೯೮೩ರ ಧರ್ಮಸಂಹಿತೆಯಂತೆ ರೊಟ್ಟಿಯು ಗೋಧಿಯದೇ ಆಗಿರಬೇಕು, ರಸವು ದ್ರಾಕ್ಷಿಯದೇ ಆಗಿರಬೇಕು. ದ್ರಾಕ್ಷಿಯು ವಿಜಯಪುರ ಸೀಮೆಯ ಹೆಸರಾಂತ ಬೆಳೆಯಾಗಿದೆ. ಆದರೆ ಕಲಬುರಗಿಯಲ್ಲಿ ರೊಟ್ಟಿಯೆಂದರೆ ಜೋಳದ್ದು. ಕನ್ನಡ ಪೂಜೆಯಲ್ಲಿ ‘ರೊಟ್ಟಿ’ಯೆಂಬ ಶಬ್ದವನ್ನು ಕೇಳಿದ ಇಲ್ಲಿಯ ರೈತನ ಮನಸ್ಸಿಗೆ ಬರುವುದು ಬಡಿದು ತಟ್ಟಿದ ಜೋಳದ ರೊಟ್ಟಿ, ಪೀಠದ ಮೇಲೆ ಕಾಣುವುದು ಗೋಧಿಯ ಬಿಲ್ಲೆ. ಹೆಸರು ಮನೆಯದು, ವಸ್ತು ಪಾಲೆಸ್ತೀನಿನ ಆ ರಾತ್ರಿಯ ಊಟದ್ದು. ದಿನದ ಅನ್ನವೆಂಬ ಆಪ್ತತೆಯನ್ನು ಹೆಸರು ತರುತ್ತದೆ. ಒಮ್ಮೆ ಒಂದು ಊರಿನಲ್ಲಿ ನಡೆದ ಘಟನೆಯೆಂಬ ನೆನಪನ್ನು ವಸ್ತುವು ಉಳಿಸುತ್ತದೆ.

೫. ವಿಶ್ವಾಸ ಮತ್ತು ಆಮೆನ್

ಪ್ರಾಟೆಸ್ಟಂಟರ ಕನ್ನಡದಲ್ಲಿ ‘ನಂಬಿಕೆ’ಯೆಂಬುದು ಹೆಚ್ಚಾಗಿ ಬರುವೆಡೆಯಲ್ಲಿ ಕೆಥೊಲಿಕರು ‘ವಿಶ್ವಾಸ’ವೆನ್ನುತ್ತಾರೆ. ಉಸಿರಾಟವನ್ನು ಹೇಳುವ ‘ಶ್ವಸ್’ ಧಾತುವಿನಿಂದ ಬಂದ ಈ ಶಬ್ದದಲ್ಲಿ ಅಂಜಿಕೆಯಿಲ್ಲದೆ ಉಸಿರಾಡುವ ನೆಮ್ಮದಿಯ ಭಾವವಿದೆ. ಕನ್ನಡದ ಬಳಕೆಯಲ್ಲಿ ಅದಕ್ಕೆ ಪ್ರೀತಿಯೆಂಬ ಅರ್ಥವೂ ಸೇರಿದೆ. ವಿಶ್ವಾಸವಿರಲಿ ಎಂದು ಸ್ನೇಹಿತರಿಗೆ ಬರೆಯುವುದು ವಾಡಿಕೆ. ಹೀಬ್ರೂ ಮತ್ತು ಅರಬ್ಬಿಗಳ ಧಾತುವಿನಲ್ಲಿರುವುದಾದರೋ ಬಂಡೆಯಂಥ ಸ್ಥಿರತೆ. ಒಂದು ಮಾತು ಉಸಿರಿನದು, ಇನ್ನೊಂದು ನೆಲೆಯದು. ಪೂಜೆಯಲ್ಲಿ ಎರಡೂ ಬೇಕಾಗುತ್ತವೆ.

ವಿಶ್ವಾಸವಿದ್ದವನಿಗೆ ಮಾತ್ರ ಕ್ರಿಸ್ತನು ಅಲ್ಲಿರುತ್ತಾನೆ, ಇಲ್ಲದವನಿಗೆ ಅದು ಬರಿಯ ರೊಟ್ಟಿ ಎಂಬ ಅಭಿಪ್ರಾಯವನ್ನು ಕೆಥೊಲಿಕ ಸಿದ್ಧಾಂತವು ಒಪ್ಪುವುದಿಲ್ಲ. ಸಂಸ್ಕಾರದ ಸತ್ಯವು ಮಾಡುವ ಗುರುವಿನ ಪುಣ್ಯವನ್ನಾಗಲಿ ಕೊಳ್ಳುವವನ ಭಾವವನ್ನಾಗಲಿ ಆಧರಿಸಿಲ್ಲ. ಅದರ ಫಲವು ಮಾತ್ರ ಕೊಳ್ಳುವವನ ವಿಶ್ವಾಸ ಮತ್ತು ಪ್ರೇಮಗಳನ್ನು ಹೊಂದಿಕ್ಕೊಂಡು ಬರುತ್ತದೆ. ಜನ್ನನ ಹಿಟ್ಟಿನ ಕೋಳಿಗೆ ಇದು ನೇರವಾಗಿ ಪ್ರತಿಪಕ್ಷ. ಅಲ್ಲಿ ಭಾವವು ವಸ್ತುವನ್ನು ಮಾಡಿತು. ಇಲ್ಲಿ ವಸ್ತುವು ಭಾವವನ್ನು ಕಾಯುತ್ತದೆ. ಆದುದರಿಂದ ವಿಶ್ವಾಸವು ಸೃಷ್ಟಿಸುವ ಶಕ್ತಿಯಾಗಿಲ್ಲ. ಬಂದುದಕ್ಕೆ ಬಾಗಿಲು ತೆರೆಯುವ ಸಮ್ಮತಿಯಾಗಿದೆ. ಆ ಸಮ್ಮತಿಗೆ ಪೂಜೆಯು ಕೊಟ್ಟಿರುವ ಮಾತೇ ಆಮೆನ್.

ಈ ಮಾತಿನ ಚರಿತ್ರೆಯು ಗಮನಾರ್ಹವಾದುದು. ಜಸ್ಟಿನನ ಕಾಲದಲ್ಲಿ ಜನರೇ ಅದನ್ನು ಹೇಳುತ್ತಿದ್ದರು. ನಾಲ್ಕನೆಯ ಶತಮಾನದ ಮಿಲಾನಿನ ಅಂಬ್ರೋಸನು, ಬಾಯಿ ಹೇಳಿದುದನ್ನು ಮನಸ್ಸು ಹಿಡಿಯಲೆಂದು ಈ ಮಾತನ್ನು ಕುರಿತು ಹೊಸ ಕ್ರೈಸ್ತರಿಗೆ ಉಪದೇಶಿಸಿದನು. ಅವನಿಂದ ದೀಕ್ಷಾಸ್ನಾನವನ್ನು ಪಡೆದ ಅಗಸ್ಟೀನನು ಇನ್ನೂ ಮುಂದೆ ಹೋದನು: ಕ್ರಿಸ್ತನ ಶರೀರವೆಂಬ ಮಾತಿಗೆ ಆಮೆನ್ ಎನ್ನುವವರು ತಾವೂ ಆ ಶರೀರದ ಅಂಗಗಳೇ ಆದುದರಿಂದ, ತಮ್ಮ ಬಾಳಿನಿಂದ ಆ ಆಮೆನನ್ನು ನಿಜಮಾಡಬೇಕೆಂದು ಬೋಧಿಸಿದನು. ಆದರೆ ೧೫೭೦ರಲ್ಲಿ ಐದನೆಯ ಪಿಯುಸ್ ಪೋಪರು ಪ್ರಕಟಿಸಿದ ಪೂಜಾಗ್ರಂಥದ ಕಾಲದಲ್ಲಿ ಪ್ರಸಾದವನ್ನು ಕೊಡುವ ಗುರುವೇ ದೀರ್ಘವಾದ ಆಶೀರ್ವಚನವನ್ನು ಲ್ಯಾಟಿನಿನಲ್ಲಿ ಹೇಳಿ, ಅದರ ಕೊನೆಯ ಆಮೆನನ್ನೂ ತಾನೇ ಹೇಳುವುದು ಕ್ರಮವಾಗಿತ್ತು. ಕೊಳ್ಳುವವನು ಮೌನವಾಗಿ ಬಾಯ್ದೆರೆಯುತ್ತಿದ್ದನು. ೧೯೬೪ನೆಯ ಏಪ್ರಿಲ್ ೨೫ರಂದು ರೋಮಿನಿಂದ ಹೊರಟ ಆಜ್ಞೆಯು ಆ ದೀರ್ಘವಚನವನ್ನು ತೆಗೆದು, ಪ್ರಾಚೀನವಾದ ಸಂಕ್ಷಿಪ್ತ ನುಡಿಯನ್ನೂ, ಕೊಳ್ಳುವವನ ಬಾಯಲ್ಲಿ ಆಮೆನನ್ನೂ ಮರಳಿ ಇರಿಸಿತು. ಅದೇ ವರ್ಷದ ಕೊನೆಯಲ್ಲಿ ಮುಂಬಯಿಯಲ್ಲಿ ನೆರೆದ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ ಆರನೆಯ ಪೌಲ್ ಪೋಪರೇ ಬಂದರು.

ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ನೆಯ ಡಿಸೆಂಬರ್ ೪ರಂದು ದೇಶಭಾಷೆಗಳಿಗೆ ಪೂಜೆಯಲ್ಲಿ ಎಡೆಗೊಟ್ಟಿತ್ತು. ಆ ಬಳಿಕ ಬಲಿಪೂಜೆಯು ಕ್ರಮವಾಗಿ ಕನ್ನಡದಲ್ಲಿ ನಡೆಯತೊಡಗಿತು. ೧೯೬೯ನೆಯ ಏಪ್ರಿಲ್ ೨೫ರಂದು ಭಾರತದ ಧರ್ಮಾಧ್ಯಕ್ಷರು ಕೇಳಿದ ಹನ್ನೆರಡು ಅಂಶಗಳಿಗೆ ರೋಮ್ ಸಮ್ಮತಿಸಿದುದರಿಂದ ಪಾದರಕ್ಷೆಯನ್ನು ಕಳಚುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿ, ಪಂಚಾಂಗಪ್ರಣಾಮ, ಎಣ್ಣೆಯ ದೀಪ, ಆರತಿ ಇವೇ ಮೊದಲಾದುವಕ್ಕೂ ಪೂಜೆಯಲ್ಲಿ ಅವಕಾಶವಾಯಿತು. ಹೀಗೆ ಒಂದೇ ದಶಕದೊಳಗೆ ಕನ್ನಡ ಕೆಥೊಲಿಕನ ಕಿವಿಗೆ ಅವನ ಭಾಷೆಯೂ, ದೇಹಕ್ಕೆ ಅವನ ನಾಡಿನ ಮರ್ಯಾದೆಗಳೂ, ಬಾಯಿಗೆ ಅವನ ಸಮ್ಮತಿಯ ಮಾತೂ ದೊರೆತುವು. ಇದು ಎಲ್ಲೆಡೆಯೂ ಸುಗಮವಾಗಿ ನಡೆಯಿತೆನ್ನುವಂತಿಲ್ಲ. ಪೂಜೆಯು ಯಾವ ಭಾಷೆಯಲ್ಲಿ ನಡೆಯಬೇಕೆಂಬ ವಿವಾದವು ಬೆಂಗಳೂರಿನಲ್ಲಿ ದಶಕಗಳ ಕಾಲ ಒಂದೇ ಸಭೆಯ ಕನ್ನಡಿಗರನ್ನೂ ತಮಿಳರನ್ನೂ ಎದುರುಬದುರಾಗಿ ನಿಲ್ಲಿಸಿತು. ಐಕ್ಯದ ಸಂಸ್ಕಾರವೆಂದು ಹೆಸರಾದುದರ ಸುತ್ತಲೇ ಭಿನ್ನತೆಯು ಹುಟ್ಟಿತೆಂಬುದು ದುಃಖದ ಸಂಗತಿಯಾದರೂ, ಪೂಜೆಯ ಭಾಷೆಯೆಂಬುದು ಅಲಂಕಾರದ ವಿಷಯವಲ್ಲವೆಂಬುದಕ್ಕೆ ಅದು ಸಾಕ್ಷಿ.

೬. ಅನುವಾದವಾಗದ ಮಾತು

ಆಮೆನ್ ಎಂಬುದಕ್ಕೆ ಕನ್ನಡದಲ್ಲಿ ‘ತಥಾಸ್ತು’, ‘ಹಾಗೆಯೇ ಆಗಲಿ’ ಎಂಬ ಸಮಾನಪದಗಳಿಲ್ಲದೆ ಇಲ್ಲ. ಆದರೆ ತಥಾಸ್ತು ಎಂಬುದು ವರವನ್ನು ಕೊಡುವವನ ಮಾತು. ಪ್ರಸಾದವನ್ನು ಕೊಳ್ಳುವವನ ಬಾಯಲ್ಲಿ ಅದು ಸಲ್ಲದು. ಹಾಗೆಯೇ ಆಗಲಿ ಎಂಬುದು ಮುಂದೆ ಆಗತಕ್ಕುದನ್ನು ಹಾರೈಸುತ್ತದೆ. ಇಲ್ಲಿ ಬೇಕಾದುದು ಈಗಾಗಲೇ ಆಗಿರುವುದನ್ನು ಸ್ಥಿರವೆಂದು ಒಪ್ಪುವ ಮಾತು. ಹೌದು ಎಂದರೆ ಒಪ್ಪಿಗೆಯಾಯಿತು, ಶರಣಾಗತಿಯಾಗಲಿಲ್ಲ. ಸತ್ಯ, ಸ್ಥೈರ್ಯ, ಸಮ್ಮತಿ, ಸಮರ್ಪಣೆ ಇವೆಲ್ಲವನ್ನೂ ಒಟ್ಟಿಗೆ ಹೇಳುವ ಮಾತು ದೊರೆಯದಿರುವುದರಿಂದ ಗ್ರೀಕರೂ ಲ್ಯಾಟಿನರೂ ಸಿರಿಯನರೂ ಮಾಡಿದಂತೆ ಕನ್ನಡಿಗರೂ ಯೇಸುವಿನ ನಾಲಗೆಯ ಮೇಲೆಯೇ ಇದ್ದ ಶಬ್ದವನ್ನು ಉಳಿಸಿಕೊಂಡರು.

ಹಾಗೆ ಉಳಿಸಿಕೊಂಡ ಶಬ್ದವು ಕಲಬುರಗಿಯಲ್ಲಿ ಪರಕೀಯವೆನಿಸುವುದಿಲ್ಲವೆಂಬುದು ಈ ಊರಿನ ವಿಶೇಷ. ೧೩೪೭ರಿಂದ ಬಹಮನಿ ಸುಲ್ತಾನರ ರಾಜಧಾನಿಯಾಗಿ, ೧೪೨೨ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ಸಮಾಧಿಸ್ಥಾನವಾಗಿ, ೧೯೪೮ರವರೆಗೆ ನಿಜಾಮರ ಆಳಿಕೆಗೆ ಒಳಪಟ್ಟು, ಈ ನಗರವು ಅದೇ ಧಾತುವಿನ ಮಾತುಗಳನ್ನು ಆರು ಶತಮಾನಗಳಿಗೂ ಹೆಚ್ಚು ಕಾಲ ಕೇಳುತ್ತ ಬಂದಿದೆ. ಕುರಾನಿನ ಐದನೆಯ ಅಧ್ಯಾಯಕ್ಕೆ ‘ಮಾಯಿದಾ’, ಎಂದರೆ ಉಣಿಸನ್ನು ಬಡಿಸಿದ ಮೇಜು, ಎಂದು ಹೆಸರು. ಈಸಾನ ಶಿಷ್ಯರು ತಮ್ಮ ಹೃದಯಗಳಿಗೆ ನೆಮ್ಮದಿಯಾಗಲೆಂದು ಆಕಾಶದಿಂದ ಅಂಥದೊಂದನ್ನು ಬೇಡಿದರೆಂದೂ, ಅದು ಮೊದಲಿಗರಿಗೂ ಕಡೆಯವರಿಗೂ ಹಬ್ಬವಾಗಲೆಂದು ಈಸಾನು ಪ್ರಾರ್ಥಿಸಿದನೆಂದೂ ಅಲ್ಲಿ ಹೇಳಿದೆ. ಕ್ರೈಸ್ತರ ಕೊನೆಯ ಭೋಜನದ ಛಾಯೆಯನ್ನು ವಿದ್ವಾಂಸರಲ್ಲಿ ಅನೇಕರು ಈ ಪ್ರಸಂಗದಲ್ಲಿ ಗುರುತಿಸಿದ್ದಾರೆ. ಈ ಸಾಮ್ಯದಿಂದ ಎರಡು ಧರ್ಮಗಳ ಭೇದವು ಅಳಿಯುವುದಿಲ್ಲ. ಶಿಲುಬೆಯ ಮರಣವನ್ನೇ ಒಪ್ಪದ ಇಸ್ಲಾಮಿಗೆ ಅದರ ಬಲಿಯೂ ಪ್ರಸಾದವೂ ಒಪ್ಪಿಗೆಯಾಗತಕ್ಕುವಲ್ಲ. ಶರಣರ ಪ್ರಸಾದವೂ ತನ್ನ ಇಷ್ಟಲಿಂಗವನ್ನು ಬಿಟ್ಟು ಬೇರೆಡೆ ಹೋಗತಕ್ಕುದಲ್ಲ.

ಮೇಲಣ ವಿವೇಚನೆಯಿಂದ ಕಂಡುಬರುವುದಿಷ್ಟು. ಕನ್ನಡ ಕೆಥೊಲಿಕ ಪೂಜೆಯು ತನ್ನ ಪರಿಭಾಷೆಯನ್ನು ನೆರೆಯವರ ಮನೆಗಳಿಂದ ಪಡೆಯಿತು. ಬಲಿಯನ್ನು ಅದನ್ನು ಹಳಿದ ಕಾವ್ಯಗಳ ಭಾಷೆಯಿಂದಲೂ, ಪ್ರಸಾದವನ್ನು ಅದನ್ನು ಸಾಧನೆಯಾಗಿಸಿಕೊಂಡ ಶರಣರ ಭಾಷೆಯಿಂದಲೂ ಎತ್ತಿಕೊಂಡು, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಂಡಿತು. ಆದರೆ ಎರಡು ಮಾತುಗಳೂ ಸೇರಿ ಹೇಳುವುದು ದೇವರ ಕಡೆಯಿಂದ ಆದುದನ್ನು. ಮನುಷ್ಯನ ಕಡೆಯಿಂದ ಆಗತಕ್ಕುದನ್ನು ಬಲಿಯೂ ಹೇಳದು, ಪ್ರಸಾದವೂ ಹೇಳದು. ಅದನ್ನು ಪ್ರತಿಯೊಬ್ಬನೂ ತನ್ನ ಬಾಯಿಂದಲೇ ಹೇಳಬೇಕು, ಮತ್ತೊಬ್ಬನು ಅವನ ಪರವಾಗಿ ಹೇಳಲಾಗದು. ಆ ಮಾತು ನಾಲ್ಕು ಶತಮಾನಗಳ ಬಳಿಕ ಗುರುವಿನ ನಾಲಗೆಯಿಂದ ಜನರ ನಾಲಗೆಗೆ ಹಿಂದಿರುಗಿತೆಂಬುದನ್ನು ನೆನೆದರೆ, ಪರಮಪ್ರಸಾದದ ಆಚರಣೆಯಲ್ಲಿ ವಿಶ್ವಾಸದ ಸ್ಥಾನವೆಲ್ಲಿಯೆಂಬ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಕೊಟ್ಟ ಕೈಗೂ ಕೊಂಡ ಬಾಯಿಗೂ ನಡುವೆ ಇರುವ ಆ ಒಂದು ಶಬ್ದದ ಅವಕಾಶವೇ ಅದರ ಸ್ಥಾನ.